ಹಡಗಿನ ಶೇಠಜಿ, ವಿಮಾನದ ಶೇಠಜಿ: ಸೊಲ್ಲಾಪುರದ ವಾಲಚಂದ ಹೀರಾಚಂದ

ಅಕ್ಕಲಕೋಟದಿಂದ ಬೆಳಗಿನ ಎಸ್.ಟಿ. ಬಸ್ ಹಿಡಿದು ಸೊಲ್ಲಾಪುರದ ಕಾಲೇಜಿಗೆ ಬರುವ ಹುಡುಗ-ಹುಡುಗಿಯರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಹೆಸರು ‘ವಾಲಚಂದ’. ವಾಲಚಂದ ಕಲಾ ಮತ್ತು ವಿಜ್ಞಾನ ಕಾಲೇಜು, ವಾಲಚಂದ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ವಾಣಿಜ್ಯ ಓದುವವರಿಗೆ ಹೀರಾಚಂದ ನೇಮಚಂದ ಕಾಲೇಜು. ಸಾಂಗಲಿಗೆ ಹೋದರೆ ಅಲ್ಲೂ ವಾಲಚಂದ ಇಂಜಿನಿಯರಿಂಗ್ ಕಾಲೇಜು. ಬೋರ್ಡಿನ ಮೇಲೆ ಹೆಸರು ಇಷ್ಟು ದೊಡ್ಡದಾಗಿದ್ದರೂ ಈ ಮನುಷ್ಯ ಯಾರು, ಏನು ಮಾಡಿದ ಎಂದು ಕೇಳಿದರೆ ‘ಯಾರೋ ದೊಡ್ಡ ಶೇಠಜಿ, ದೇಣಿಗೆ ಕೊಟ್ಟಿರಬೇಕು’ ಎಂಬ ಉತ್ತರವೇ ಹೆಚ್ಚು.

ಶ್ರೀಹರಿಕೋಟಾದಿಂದ ರಾಕೆಟ್ ಹಾರುವಾಗ ಟಿ.ವಿ. ಮುಂದೆ ಕುಳಿತು ಚಪ್ಪಾಳೆ ತಟ್ಟುವ ಸೊಲ್ಲಾಪುರದವರಿಗೆ ಗೊತ್ತಿರಬೇಕಾದ ಸಂಗತಿಯೊಂದಿದೆ. ಆ ರಾಕೆಟ್ಟಿನ ಉಕ್ಕಿನ ಮೈಯ ಒಂದು ಭಾಗ ನಮ್ಮ ಜಿಲ್ಲೆಯ ಗಡಿಗೆ ಹತ್ತಿರದ, ಇಂದಾಪುರ ತಾಲೂಕಿನ ವಾಲಚಂದನಗರದಲ್ಲಿ ತಯಾರಾಗುತ್ತದೆ. ಇನ್ನೊಂದಿಷ್ಟು ಭಾಗ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತದೆ. ಎರಡೂ ಕಡೆ ಮೊದಲ ಇಟ್ಟಿಗೆ ಇಟ್ಟವರು ಒಬ್ಬರೇ. ರಾಕೆಟ್ ಎಂಬ ಮಾತು ಈ ದೇಶದಲ್ಲಿ ದೀಪಾವಳಿಗೆ ಮಾತ್ರ ಕೇಳಿಬರುತ್ತಿದ್ದ ಕಾಲದಲ್ಲಿ, ಇಲ್ಲದ ಒಂದು ಉದ್ಯಮದ ಬಗ್ಗೆ ಆಳುವವರಿಗೂ ಶಾಸನ ಸಭೆಯ ಸದಸ್ಯರಿಗೂ ಪಾಠ ಹೇಳುತ್ತ ಜೀವಮಾನವಿಡೀ ಅಲೆದವರು. ಆ ಪಾಠದಲ್ಲಿ ಅವರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಬಾರ್ಸಿಯ ಚಿಕ್ಕ ರೈಲಿನಿಂದ ಶುರು

ವಾಲಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಮನೆತನ ಮೂಲದಲ್ಲಿ ಗುಜರಾತಿನದು, ದಿಗಂಬರ ಜೈನರು, ದೋಶಿ ಎಂಬ ಅಡ್ಡಹೆಸರು. ತಂದೆ ಹೀರಾಚಂದ ನೇಮಚಂದರದು ಹತ್ತಿ ವ್ಯಾಪಾರ, ಲೇವಾದೇವಿ. ಸಮಾಜ ಸುಧಾರಣೆಯಲ್ಲೂ ಆಸಕ್ತಿ ಇದ್ದವರು. ಗಿರಣಿಯ ಭೋಂಗಾ ಕೇಳಿ ಏಳುವ ಊರು ಅದು. 1877ರಲ್ಲೇ ಶುರುವಾದ ಹಳೆ ಮಿಲ್ಲು ಸೊಲ್ಲಾಪುರವನ್ನು ಗಿರಣಿಯ ಪಟ್ಟಣ ಮಾಡಿತ್ತು. ಹತ್ತಿ ಅಂಗಡಿಯ ಗಾದಿಯ ಮೇಲೆ ಕುಳಿತು ಬಡ್ಡಿ ಲೆಕ್ಕ ಬರೆಯುತ್ತ ಕಾಲ ಕಳೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಹುಡುಗ ಇಲ್ಲಿಯೇ ಮೆಟ್ರಿಕ್ ಮುಗಿಸಿದ. ಮುಂಬಯಿಯ ಸೇಂಟ್ ಝೇವಿಯರ್ಸ್, ಪುಣೆಯ ಡೆಕ್ಕನ್ ಕಾಲೇಜು ಎರಡನ್ನೂ ನೋಡಿದ. ಬಿ.ಎ. ಮಾತ್ರ ಆಗಲಿಲ್ಲ. ಅಪ್ಪನ ವ್ಯಾಪಾರಕ್ಕೆ ಮರಳಿದರೂ ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

ಆಗ ಸಿಕ್ಕವರು ಲಕ್ಷ್ಮಣರಾವ ಬಳವಂತ ಫಾಟಕ. ರೈಲ್ವೆಯಲ್ಲಿ ಕಾರಕೂನರಾಗಿದ್ದವರು, ಕೆಲಸ ಹೇಗೆ ನಡೆಯುತ್ತದೆ ಎಂದು ಬಲ್ಲವರು, ಆದರೆ ಕೈಯಲ್ಲಿ ಹಣವಿಲ್ಲ. ವಾಲಚಂದರ ಮನೆಯಲ್ಲಿ ಹಣವಿತ್ತು, ಕೆಲಸ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಫಾಟಕ-ವಾಲಚಂದ ಎಂಬ ಪಾಲುದಾರಿಕೆ ಕಟ್ಟಿದರು. ಮೊದಲ ಗುತ್ತಿಗೆ ಬಾರ್ಸಿ ಲೈಟ್ ರೈಲ್ವೆಯದು. ಕುರ್ಡುವಾಡಿಯಿಂದ ಬಾರ್ಸಿಗೆ 1897ರಲ್ಲಿ ಶುರುವಾಗಿದ್ದ ಎರಡೂವರೆ ಅಡಿ ಅಗಲದ ಆ ಚಿಕ್ಕ ರೈಲು ಆಗ ಮುಂದೆ ತಡವಳೆ ಕಡೆಗೆ ಚಾಚುತ್ತಿತ್ತು. ಹಳೆಯ ತಲೆಗಳಿಗೆ ಆ ರೈಲು ಇನ್ನೂ ನೆನಪಿರುತ್ತದೆ. ಈಗ ಆ ದಾರಿ ಬ್ರಾಡ್‌ಗೇಜ್ ಆಗಿದೆ.

ಮಣ್ಣು ಎತ್ತಿಸಿ ಹಳಿ ಹಾಸುವ ಕೆಲಸದಲ್ಲಿ ವಾಲಚಂದರು ಒಂದು ಮಾತು ಚೆನ್ನಾಗಿ ಕಲಿತರು. ಗುತ್ತಿಗೆ ಸಿಗುವುದು ಗುದ್ದಲಿಯಿಂದ ಅಲ್ಲ, ಕಾಗದದಿಂದ. ಯಾವ ಸಾಹೇಬನ ಮೇಜಿನ ಮೇಲೆ ಯಾವ ಕಡತ ಇದೆ, ಯಾರ ಸಹಿ ಬೇಕು, ಆ ಸಾಹೇಬನಿಗೆ ಅರ್ಥವಾಗದೇ ಉಳಿದ ಅಂಶ ಯಾವುದು, ಅದನ್ನು ತಿಳಿದವನೇ ಮುಂದೆ ಹೋಗುತ್ತಾನೆ. ಮೊದಲ ಮಹಾಯುದ್ಧದ ವೇಳೆಗೆ ಸೇನೆಯ ಬ್ಯಾರಕ್ಕುಗಳ ಕೆಲಸ, ಆಮೇಲೆ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿ, ಭೋರ್ ಘಾಟಿನ ರೈಲು ಸುರಂಗ, 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ. ಗುತ್ತಿಗೆದಾರನಾಗಿ ಅವರ ಕಥೆ ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ನಡುವೆ ಒಂದು ಹಡಗು ಬಂತು.

ಸಮುದ್ರ ಕಾಣದ ಊರಿನವನ ಹಡಗು

ಸೊಲ್ಲಾಪುರ ಬರದ ಜಿಲ್ಲೆ. ಕುಡಿಯುವ ನೀರಿಗೇ ತತ್ವಾರ. ಇಂಥ ಊರಿನ ಮನುಷ್ಯ ಹಡಗಿನ ಕಂಪನಿ ಕಟ್ಟುವುದೆಂದರೆ ನಗೆಪಾಟಲಿನ ಮಾತು. ಆದರೂ 1919ರಲ್ಲಿ ಗ್ವಾಲಿಯರ ಮಹಾರಾಜರು ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ಕೊಟ್ಟಿದ್ದ ‘ಲಾಯಲ್ಟಿ’ ಮಾರಾಟಕ್ಕಿದೆ ಎಂದು ತಿಳಿದಾಗ ವಾಲಚಂದರು ಹಿಂದೆ ಮುಂದೆ ನೋಡಲಿಲ್ಲ. ನರೋತ್ತಮ ಮೊರಾರ್ಜಿ, ಕಿಲಾಚಂದ ದೇವಚಂದ, ಲಲ್ಲೂಭಾಯಿ ಸಾಮಳದಾಸ ಅವರ ಜೊತೆ ಸೇರಿ ಖರೀದಿಸಿದರು. ಸಿಂದಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಹುಟ್ಟಿತು. 1919ರ ಏಪ್ರಿಲ್ 5ರಂದು ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಏಪ್ರಿಲ್ 5 ರಾಷ್ಟ್ರೀಯ ನೌಕಾಯಾನ ದಿನವಾದದ್ದು ಆ ಪ್ರಯಾಣದ ನೆನಪಿಗೇ. ಹಡಗೇನೋ ಹಳೆಯದು, 1923ರಲ್ಲೇ ಗುಜರಿಗೆ ಹೋಯಿತು. ಕಂಪನಿ ಉಳಿಯಿತು.

ಉಳಿದದ್ದು ಸುಲಭವಾಗಿ ಅಲ್ಲ. ಭಾರತದ ಕರಾವಳಿಯಲ್ಲಿ ಆಗ ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿಯದೇ ದರ್ಬಾರು. ಹೊಸಬ ಬಂದರೆ ಸಾಗಾಟದ ದರವನ್ನು ನೆಲಕ್ಕಿಳಿಸಿ ಅವನನ್ನು ಮುಳುಗಿಸುವುದು, ಅವನು ಹೋದ ಮೇಲೆ ದರ ಏರಿಸುವುದು, ಇದು ಅವರ ಹಳೆಯ ಪಟ್ಟು. ತೂತುಕುಡಿಯ ಚಿದಂಬರಂ ಪಿಳ್ಳೆಯವರ ಸ್ವದೇಶಿ ಹಡಗು ಕಂಪನಿ 1906ರಲ್ಲಿ ಹುಟ್ಟಿ ಕೆಲವೇ ವರ್ಷಗಳಲ್ಲಿ ಹೀಗೇ ಮುಗಿದಿತ್ತು. ಸಿಂದಿಯಾ ಕೂಡ ದರ ಸಮರದಲ್ಲಿ ಸುಸ್ತಾಗಿ 1923ರಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕೈಕಾಲು ಕಟ್ಟಿಸಿಕೊಂಡು ಬದುಕಿದಂತೆ.

ಅಂಗಡಿಯಲ್ಲಿ ಗೆಲ್ಲಲಾಗದ್ದನ್ನು ಕಾನೂನಿನಲ್ಲಿ ಗೆಲ್ಲಬೇಕು ಎಂಬ ಯೋಚನೆ ಬಲವಾದದ್ದು ಈ ಹೊತ್ತಿನಲ್ಲಿ.

ಶಾಸನ ಸಭೆಗೆ ಪಾಠ

ಇಂದು ಇದನ್ನು ‘ಲಾಬಿ’ ಎಂದು ಕರೆದು ಮೂಗು ಮುರಿಯುವುದುಂಟು. 1920ರ ದಶಕದ ದೆಹಲಿಯಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ಕೇಂದ್ರ ಶಾಸನ ಸಭೆಯಲ್ಲಿ ಚುನಾಯಿತ ಸದಸ್ಯರಿದ್ದರು. ವಕೀಲರು, ಜಮೀನುದಾರರು, ಪತ್ರಕರ್ತರು. ದೇಶಾಭಿಮಾನಕ್ಕೆ ಕೊರತೆಯಿಲ್ಲ. ಆದರೆ ಹಡಗಿನ ಟನ್ನೇಜ್ ಎಂದರೇನು, ಸಾಗಾಟದ ದರ ಹೇಗೆ ನಿಗದಿಯಾಗುತ್ತದೆ, ವಿದೇಶಿ ಕಂಪನಿ ವರ್ತಕರಿಗೆ ಮುಂದೂಡಿದ ರಿಯಾಯಿತಿ ಕೊಟ್ಟು ಹೇಗೆ ಕಟ್ಟಿಹಾಕುತ್ತದೆ, ಇದೆಲ್ಲ ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ಎದುರು ಪಕ್ಷದಲ್ಲಿ ಕುಳಿತ ಯುರೋಪಿಯನ್ ಸದಸ್ಯರಿಗೆ ಮಾತ್ರ ಅಂಕಿ ಅಂಶಗಳೆಲ್ಲ ಬೆರಳ ತುದಿಯಲ್ಲಿ. ಚರ್ಚೆ ಶುರುವಾಗುವ ಮೊದಲೇ ಅರ್ಧ ಸೋಲು.

1922ರಲ್ಲಿ ಸರ್ ಪಿ.ಎಸ್. ಶಿವಸ್ವಾಮಿ ಅಯ್ಯರ್ ಅವರು ಭಾರತೀಯ ವ್ಯಾಪಾರಿ ನೌಕಾಪಡೆಯ ಬಗ್ಗೆ ಸಭೆಯಲ್ಲಿ ಗೊತ್ತುವಳಿ ತಂದರು. ಅದರಿಂದ 1923ರಲ್ಲಿ ಕ್ಯಾಪ್ಟನ್ ಹೆಡ್ಲಮ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಸಮಿತಿ 1924ರಲ್ಲಿ ವರದಿ ಕೊಟ್ಟಿತು. ಕರಾವಳಿ ಸಾಗಾಟವನ್ನು ಹಂತ ಹಂತವಾಗಿ ಭಾರತೀಯ ಹಡಗುಗಳಿಗೆ ಬಿಡಬೇಕು, ಭಾರತೀಯ ಹುಡುಗರಿಗೆ ತರಬೇತಿ ಹಡಗು ಬೇಕು ಎಂದಿತು. ಸರಕಾರ ತರಬೇತಿ ಹಡಗನ್ನು ಒಪ್ಪಿತು. 1927ರಲ್ಲಿ ‘ಡಫರಿನ್’ ಶುರುವಾಯಿತು. ಕರಾವಳಿಯ ವಿಷಯ ಕಪಾಟಿಗೆ ಹೋಯಿತು. ಹುಡುಗರಿಗೆ ಹಡಗು ನಡೆಸಲು ಕಲಿಸುತ್ತೇವೆ, ನಡೆಸಲು ಹಡಗು ಮಾತ್ರ ಕೇಳಬೇಡಿ ಎಂದಂತೆ!

ಸಿಂದಿಯಾ ಸುಮ್ಮನೆ ಕೂರಲಿಲ್ಲ. ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದ ಸಾರಾಭಾಯಿ ನೇಮಚಂದ ಹಾಜಿ ಎಂಬವರು ಹಡಗಿನ ಅರ್ಥಶಾಸ್ತ್ರದ ಮೇಲೆ 1924ರಲ್ಲಿ ಪುಸ್ತಕವನ್ನೇ ಬರೆದಿದ್ದರು. ಬೇರೆ ಬೇರೆ ದೇಶಗಳು ತಮ್ಮ ಹಡಗುಗಳಿಗೆ ಹೇಗೆ ನೆರವು ನೀಡುತ್ತವೆ ಎಂದು ವಿವರಿಸುವ ಕಿರುಪುಸ್ತಿಕೆಗಳೂ ಬಂದವು. ಕಾಯದೆ ಮಾಡುವವರ ಕೈಗೆ ಓದಲು ಏನಾದರೂ ಕೊಡದೆ ಅವರಿಂದ ಕಾಯದೆ ಕೇಳುವಂತಿಲ್ಲ ಎಂಬ ಅರಿವು ಈ ಮಂಡಳಿಗೆ ಅಂದೇ ಇತ್ತು. ಮುಂದೆ ಹಾಜಿಯವರೇ ಕೇಂದ್ರ ಶಾಸನ ಸಭೆಯ ಸದಸ್ಯರಾದರು. 1928ರಲ್ಲಿ ಕರಾವಳಿ ಸಾಗಾಟವನ್ನು ಭಾರತೀಯ ಹಡಗುಗಳಿಗೆ ಮೀಸಲಿಡುವ ಮಸೂದೆಯನ್ನು ಮುಂದಿಟ್ಟರು. ಇತಿಹಾಸದಲ್ಲಿ ಅದು ‘ಹಾಜಿ ಮಸೂದೆ’ ಎಂದೇ ಹೆಸರಾಗಿದೆ.

ಇಲ್ಲಿ ಒಂದು ಮಾತು ಮುಚ್ಚಿಡುವಂತಿಲ್ಲ. ಮಸೂದೆ ತಂದವರು ಸಿಂದಿಯಾದ ಮನುಷ್ಯ. ಪಾಸಾದರೆ ಮೊದಲ ಲಾಭ ಸಿಂದಿಯಾಕ್ಕೆ. ವಿರೋಧಿಗಳಿಗೆ ಇದೊಂದು ಒಳ್ಳೆಯ ಅಸ್ತ್ರ. ವಾಲಚಂದರ ಬದುಕಿನುದ್ದಕ್ಕೂ ಈ ಪ್ರಶ್ನೆ ನೆರಳಿನಂತೆ ಬಂದಿದೆ. ದೇಶಕ್ಕಾಗಿ ಕೇಳುತ್ತಿದ್ದಾರೋ ತಮ್ಮ ಜೇಬಿಗೋ? ಎರಡಕ್ಕೂ ಎಂಬುದೇ ಪ್ರಾಮಾಣಿಕ ಉತ್ತರವಾದೀತು. ಅದನ್ನು ಅವರು ಅಡಗಿಸಿಟ್ಟವರೂ ಅಲ್ಲ. ಆದರೆ ಇಂಚ್‌ಕೇಪ್ ಸಾಹೇಬರ ಲಾಭವನ್ನು ಯಾರೂ ಲಾಭವೆಂದು ಕರೆಯುತ್ತಿರಲಿಲ್ಲ, ಅದಕ್ಕೆ ‘ಮುಕ್ತ ವ್ಯಾಪಾರ’ ಎಂಬ ಹೆಸರಿತ್ತು!

ಮಸೂದೆ ಆಯ್ಕೆ ಸಮಿತಿಗೆ ಹೋಯಿತು. ಚರ್ಚೆ ಎಳೆಯಿತು. 1930ರಲ್ಲಿ ಸಭೆ ವಿಸರ್ಜನೆಯಾದಾಗ ಮಸೂದೆಯೂ ಅದರೊಂದಿಗೆ ಬಿದ್ದುಹೋಯಿತು. ಅಷ್ಟರಲ್ಲಿ 1929ರಲ್ಲಿ ನರೋತ್ತಮ ಮೊರಾರ್ಜಿ ತೀರಿಕೊಂಡು ಸಿಂದಿಯಾದ ಅಧ್ಯಕ್ಷತೆ ವಾಲಚಂದರ ಹೆಗಲಿಗೆ ಬಂದಿತ್ತು. 1935ರ ಭಾರತ ಸರಕಾರ ಕಾಯದೆಯಲ್ಲಂತೂ ಬ್ರಿಟಿಷ್ ಕಂಪನಿಗಳ ವಿರುದ್ಧ ಭೇದ ಮಾಡುವಂತಿಲ್ಲ ಎಂಬ ಕಲಮುಗಳನ್ನೇ ಸೇರಿಸಿದರು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಲಂಡನ್ನಿಗೆ ಒಯ್ದಂತಾಯಿತು. ಕರಾವಳಿ ಸಾಗಾಟ ಭಾರತೀಯ ಹಡಗುಗಳ ಪಾಲಿಗೆ ಬಂದದ್ದು ಸ್ವಾತಂತ್ರ್ಯದ ನಂತರ, 1950ರ ದಶಕದ ಆರಂಭದಲ್ಲಿ. ಹಾಜಿ ಮಸೂದೆಯಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷಕ್ಕೂ ಮೇಲೆ.

ಈ ನಡುವೆ ಅವರು ಮುಂಬಯಿಯ ಇಂಡಿಯನ್ ಮರ್ಚಂಟ್ಸ್ ಚೇಂಬರಿನ ಅಧ್ಯಕ್ಷರಾದರು, 1927ರಲ್ಲಿ ಮಹಾರಾಷ್ಟ್ರ ಚೇಂಬರ್ ಹುಟ್ಟುಹಾಕುವಲ್ಲಿ ಮುಂದಾದರು, 1932-33ರಲ್ಲಿ ಭಾರತೀಯ ವಾಣಿಜ್ಯ ಮಹಾಮಂಡಳದ ಅಧ್ಯಕ್ಷರಾದರು. ರಾವಳಗಾವ ಮತ್ತು ವಾಲಚಂದನಗರದಲ್ಲಿ ಕಬ್ಬು, ಸಕ್ಕರೆ ಬೆಳೆಯಿತು. ರಾವಳಗಾವ ಪೆಪ್ಪರ್‌ಮಿಂಟ್ ತಿನ್ನದೆ ದೊಡ್ಡವರಾದವರು ಈ ಭಾಗದಲ್ಲಿ ಯಾರಿದ್ದಾರೆ?

ವಿಮಾನದಲ್ಲಿ ಸಿಕ್ಕ ವಿಮಾನದವನು

1939. ಎರಡನೇ ಮಹಾಯುದ್ಧ ಶುರುವಾಗಿತ್ತು. ಮೋಟಾರು ಕಾರಖಾನೆಯ ಮಾತುಕತೆಗೆ ಅಮೆರಿಕಕ್ಕೆ ಹೋಗಿದ್ದ ವಾಲಚಂದರು ಪೆಸಿಫಿಕ್ ಸಾಗರದ ಮೇಲಿಂದ ಕ್ಲಿಪ್ಪರ್ ವಿಮಾನದಲ್ಲಿ ಮರಳುತ್ತಿದ್ದರು. ಅದೇ ವಿಮಾನದಲ್ಲಿದ್ದವರು ವಿಲಿಯಮ್ ಪಾಲಿ ಎಂಬ ಅಮೆರಿಕನ್. ಚೀನಾದಲ್ಲಿ ವಿಮಾನ ಕಾರಖಾನೆ ನಡೆಸುತ್ತಿದ್ದ ಮನುಷ್ಯ. ಚೀನಾದಲ್ಲಿ ಆಗುವುದಾದರೆ ಭಾರತದಲ್ಲಿ ಯಾಕಾಗದು? ಪ್ರಯಾಣ ಮುಗಿಯುವುದರೊಳಗೆ ವಾಲಚಂದರ ತಲೆಯಲ್ಲಿ ಯೋಜನೆ ಸಿದ್ಧವಾಗಿತ್ತು.

ಸರಕಾರಕ್ಕೆ ಬರೆದರು. ತಣ್ಣನೆಯ ಪ್ರತಿಕ್ರಿಯೆ ಬಂತು. ವಿಮಾನಕ್ಕೆ ಬೇಕಾದ ಯಂತ್ರ, ಲೋಹ, ಎಂಜಿನ್ನು ಎಲ್ಲವೂ ಇಂಗ್ಲೆಂಡಿನ ಕಾರಖಾನೆಗಳಿಗೇ ಸಾಲದಿರುವಾಗ ಭಾರತದಲ್ಲಿ ಹೊಸ ಕಾರಖಾನೆ ಯಾಕೆ ಎಂಬುದು ಲಂಡನ್ನಿನ ವಾದ. ಹಿಂದೂಸ್ಥಾನದವರಿಂದ ವಿಮಾನ ಮಾಡಲು ಆದೀತೇ ಎಂಬ ಗುಮಾನಿ ಅದರ ಹಿಂದೆ ಇದ್ದೇ ಇತ್ತು. 1940ರ ಜೂನ್‌ನಲ್ಲಿ ಫ್ರಾನ್ಸ್ ಬಿತ್ತು. ಇಂಗ್ಲೆಂಡಿನಿಂದ ಭಾರತಕ್ಕೆ ವಿಮಾನ ಬರುವ ಭರವಸೆ ಉಳಿಯಲಿಲ್ಲ. ಆಗ ದೆಹಲಿಯ ಕಡತಗಳು ಓಡತೊಡಗಿದವು.

ಕಾರಖಾನೆ ಎಲ್ಲಿ? ಇಲ್ಲಿ ವಾಲಚಂದರ ನಡೆ ಅಕ್ಕಲಕೋಟದ ಓದುಗರಿಗೆ ಬೇಗ ಅರ್ಥವಾಗುತ್ತದೆ. ಬ್ರಿಟಿಷ್ ಸೀಮೆಯ ಸೊಲ್ಲಾಪುರಕ್ಕೂ ಭೋಸಲೆ ರಾಜರ ಅಕ್ಕಲಕೋಟ ಸಂಸ್ಥಾನಕ್ಕೂ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೆ 1948ರವರೆಗೆ ಅವು ಎರಡು ಬೇರೆ ಆಡಳಿತಗಳು. ಸಂಸ್ಥಾನದಲ್ಲಿ ರಾಜನೋ ದಿವಾನನೋ ಮನಸ್ಸು ಮಾಡಿದರೆ ಕೆಲಸ ತಿಂಗಳೊಪ್ಪತ್ತಿನಲ್ಲಿ ಆಗುತ್ತಿತ್ತು, ಮೇಲಿರುವ ಬ್ರಿಟಿಷ್ ಪ್ರತಿನಿಧಿ ತಡೆಯದಿದ್ದರೆ. ಶಾಸನ ಸಭೆಯ ಬಾಗಿಲಲ್ಲಿ ಹತ್ತು ವರ್ಷ ಕಾದು ಸೋತಿದ್ದ ಮನುಷ್ಯ ಈ ಸಲ ಸಂಸ್ಥಾನಗಳ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಬಾಗಿಲು ತೆರೆದದ್ದು ಮೈಸೂರು. ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನ ಬಳಿ ಸುಮಾರು 700 ಎಕರೆ ಜಮೀನನ್ನು ಉಚಿತವಾಗಿ ಕೊಡಲು ಒಪ್ಪಿದರು. ಸಂಸ್ಥಾನದ ವತಿಯಿಂದ 25 ಲಕ್ಷ ರೂಪಾಯಿ ಬಂಡವಾಳವೂ ಬಂತು. ಬೆಂಗಳೂರಿನ ಹವೆ ಹಿತ. ಕಾವೇರಿಯ ಶಿವನಸಮುದ್ರದಿಂದ 1902ರಿಂದಲೇ ವಿದ್ಯುತ್ ಇತ್ತು, ಭದ್ರಾವತಿಯಲ್ಲಿ ಕಬ್ಬಿಣ, ಊರಲ್ಲೇ ಟಾಟಾ ವಿಜ್ಞಾನ ಸಂಸ್ಥೆ. ಸಮುದ್ರದಿಂದ ದೂರ, ಶತ್ರುವಿನ ಹಡಗಿನ ತೋಪಿಗೆ ಎಟುಕದ ಜಾಗ. ವಿಶ್ವೇಶ್ವರಯ್ಯನವರ ಕಾಲದಿಂದ ಕೈಗಾರಿಕೆಯ ರೂಢಿ ಬೆಳೆದಿದ್ದ ರಾಜ್ಯ. ವಾಲಚಂದರೂ ವಿಶ್ವೇಶ್ವರಯ್ಯನವರೂ ಮೋಟಾರು ಕಾರಖಾನೆಗಾಗಿ ಅದಕ್ಕೂ ಮುಂಚಿನಿಂದಲೇ ಒಟ್ಟಿಗೆ ಹೆಣಗುತ್ತಿದ್ದರು.

1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ವಾಲಚಂದರೇ ಅಧ್ಯಕ್ಷರು. ದೊಮ್ಮಲೂರು ರಸ್ತೆಯ ‘ಈವೆಂಟೈಡ್’ ಎಂಬ ಬಂಗಲೆಯಲ್ಲಿ ಮೊದಲ ಕಚೇರಿ. ಯಂತ್ರ, ತಂತ್ರಜ್ಞರ ಹೊಣೆ ಪಾಲಿ ಅವರದು. 1941ರ ಮಾರ್ಚ್‌ನಲ್ಲಿ ಭಾರತ ಸರಕಾರವೂ 25 ಲಕ್ಷ ಹಾಕಿ ಮೂರನೇ ಒಂದು ಪಾಲಿನ ಒಡೆಯನಾಯಿತು. ನೋಂದಣಿಯಾಗಿ ವರ್ಷ ತುಂಬುವ ಮೊದಲೇ, 1941ರ ಆಗಸ್ಟ್‌ನಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನ ಬೆಂಗಳೂರಿನಲ್ಲಿ ಜೋಡಣೆಯಾಗಿ ಹಾರಿತು. 1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಯುದ್ಧ ವಿಮಾನ. ಭಾಗಗಳು ಅಮೆರಿಕದವು ನಿಜ, ಕೈಗಳು ಇಲ್ಲಿಯವು.

ಆದರೆ ಕರ್ಟಿಸ್ ಹಾಕ್ ಹಾರುವ ಹೊತ್ತಿಗೆ ಕಂಪನಿ ವಾಲಚಂದರ ಕೈಯಲ್ಲಿ ಇರಲಿಲ್ಲ.

1942ರ ಏಪ್ರಿಲ್

ಸಿಂಗಾಪುರ ಬಿದ್ದಿತ್ತು, ರಂಗೂನ್ ಬಿದ್ದಿತ್ತು. ಜಪಾನಿನ ಹಡಗುಗಳು ಬಂಗಾಳ ಕೊಲ್ಲಿಯಲ್ಲಿ ಓಡಾಡುತ್ತಿದ್ದವು. ಹೊಸ ವಿಮಾನ ಕಟ್ಟುವುದಕ್ಕಿಂತ ಇರುವ ವಿಮಾನ ದುರಸ್ತಿ ಮಾಡುವುದೇ ತುರ್ತು ಎಂದು ಸೇನೆ ನಿರ್ಧರಿಸಿತು. ಇಂಥ ಕಾರಖಾನೆ ಖಾಸಗಿಯವರ ಕೈಯಲ್ಲಿರುವುದು ಬೇಡವೆಂದು ಸರಕಾರಕ್ಕೆ ಅನ್ನಿಸಿತು. 1942ರ ಏಪ್ರಿಲ್ 2ರಂದು ಘೋಷಣೆ ಹೊರಬಿತ್ತು. ವಾಲಚಂದರ ಮತ್ತು ಸಂಗಡಿಗರ ಪಾಲನ್ನು ಸರಕಾರ ಕೊಂಡುಕೊಂಡಿತು. ಮೈಸೂರು ಸಂಸ್ಥಾನ ತನ್ನ ಪಾಲು ಮಾರಲು ಒಪ್ಪಲಿಲ್ಲ, ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು.

ಅದಾಗಿ ನಾಲ್ಕೇ ದಿನಕ್ಕೆ, ಏಪ್ರಿಲ್ 6ರಂದು, ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಅಲ್ಲಿ ವಾಲಚಂದರ ಇನ್ನೊಂದು ಕನಸು ಅರ್ಧಕ್ಕೆ ನಿಂತಿತ್ತು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರಿಂದ ಅಡಿಗಲ್ಲು ಹಾಕಿಸಿದ್ದ ಹಡಗು ಕಟ್ಟೆ ಅದು. ಒಂದೇ ವಾರದಲ್ಲಿ ಬೆಂಗಳೂರಿನ ಕಾರಖಾನೆ ಕೈಬಿಟ್ಟು ಹೋಯಿತು, ವಿಶಾಖಪಟ್ಟಣದ ಕೆಲಸ ಕುಂಟಿತು. ಹಣ ಕಳೆದುಕೊಂಡವರ ಕಥೆ ಸೊಲ್ಲಾಪುರದ ಪೇಟೆಯಲ್ಲಿ ಬೇಕಾದಷ್ಟಿದೆ. ಬೆಂಗಳೂರಿನ ಪಾಲಿಗೆ ಸರಕಾರ ಹಣ ಕೊಟ್ಟಿತು. ಕೊಡಲಾಗದ್ದು ವಿಮಾನ ಕಟ್ಟುವ ಅವಕಾಶವನ್ನು.

ಬೆಂಗಳೂರಿನ ಕಾರಖಾನೆ 1943ರಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ, ಕ್ಯಾಟಲೈನಾದಂಥ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಕೇಂದ್ರವಾಯಿತು. ಸಾವಿರಾರು ಕೆಲಸಗಾರರು ಅಲ್ಲಿ ಪಳಗಿದರು. ಸರಕಾರದ ಕೈಗೆ ಹೋಗದೆ ಇದ್ದಿದ್ದರೆ ಕಾರಖಾನೆ ಯುದ್ಧ ಮುಗಿದ ಮೇಲೆ ಉಳಿಯುತ್ತಿತ್ತೇ? ಈ ಪ್ರಶ್ನೆಯನ್ನೂ ಕೇಳಬೇಕು. ವಿಮಾನ ಕೊಳ್ಳುವವನು ಸರಕಾರವೊಂದೇ ಆಗಿದ್ದ ಕಾಲ. ಸರಕಾರ ಬೇಡ ಎಂದಿದ್ದರೆ ಶೇಠಜಿಯ ಕಂಪನಿ ವರ್ಷದಲ್ಲಿ ಬಾಗಿಲು ಹಾಕುತ್ತಿತ್ತು.

ಮೋಟಾರು ಕಾರಖಾನೆ ಬೆಂಗಳೂರಿಗೆ ಬರಲಿಲ್ಲ. ಅದು 1944ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಶುರುವಾಯಿತು. ಮುಂಬಯಿಗೆ ಹೋದವರೆಲ್ಲ ಹತ್ತಿದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಆ ಮನೆತನದ ಕೂಸು. 2023ರಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿಯಿತು.

ವಿಶಾಖಪಟ್ಟಣದಲ್ಲಿ 1948ರ ಮಾರ್ಚ್ 14ರಂದು ‘ಜಲ ಉಷಾ’ ನೀರಿಗಿಳಿಯಿತು. ನೀರಿಗಿಳಿಸಿದವರು ಪ್ರಧಾನಿ ನೆಹರೂ. ಮುಂದಿನ ವರ್ಷಗಳಲ್ಲಿ ವಾಲಚಂದರಿಗೆ ಪಾರ್ಶ್ವವಾಯು ಬಡಿಯಿತು, 1950ರಲ್ಲಿ ವ್ಯವಹಾರದಿಂದ ಹಿಂದೆ ಸರಿದರು. 1952ರಲ್ಲಿ ಹಡಗು ಕಟ್ಟೆಯೂ ಸರಕಾರದ ಪಾಲಾಯಿತು. ಈ ಸಲ ಸ್ವತಂತ್ರ ಭಾರತದ ಸರಕಾರ. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ತೀರಿಕೊಂಡರು. ಕೊನೆಗಾಲದಲ್ಲಿ ಜೊತೆಗಿದ್ದವರು ಪತ್ನಿ ಕಸ್ತೂರಬಾಯಿ. ತಮ್ಮ ಲಾಲಚಂದ ಮೊದಲಾದವರು ಉದ್ಯಮ ಮುಂದುವರಿಸಿದರು.

ಕಾರಖಾನೆಯ ಬೆನ್ನಿಗೆ ಬಂದ ಆಕಾಶ

ಬೆಂಗಳೂರು ಬಾಹ್ಯಾಕಾಶದ ಊರಾದದ್ದು ಹೇಗೆ ಎಂದು ಹುಡುಕಿದರೆ ದಾರಿ 1940ರ ಆ ಡಿಸೆಂಬರಿಗೆ ಬಂದು ಮುಟ್ಟುತ್ತದೆ. ವಿಮಾನ ಕಾರಖಾನೆ ಬಂತೆಂದು 1942ರ ಡಿಸೆಂಬರಿನಲ್ಲಿ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅದರ ಮುಖ್ಯಸ್ಥರಾಗಿದ್ದ ವಿಷ್ಣು ಮಾಧವ ಘಾಟಗೆ ಮುಂದೆ ಕಾರಖಾನೆಗೇ ಬಂದು ಎಚ್‌ಟಿ-2 ತರಬೇತಿ ವಿಮಾನ ರೂಪಿಸಿದರು. ಅದು 1951ರಲ್ಲಿ ಹಾರಿತು. ಸತೀಶ ಧವನ್ ಎಂಬ ಯುವಕ ಅಮೆರಿಕಕ್ಕೆ ಓದಲು ಹೋಗುವ ಮೊದಲು ಸ್ವಲ್ಪ ಕಾಲ ಕೆಲಸ ಕಲಿತದ್ದು ಇದೇ ಕಾರಖಾನೆಯಲ್ಲಿ. ಅದೇ ಧವನ್ 1972ರಲ್ಲಿ ಇಸ್ರೋ ಹೊಣೆ ಹೊತ್ತಾಗ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದರು. ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ‘ಆರ್ಯಭಟ’ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿತು. 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಎಂದು ಹೆಸರು ಬದಲಿಸಿಕೊಂಡ ಕಾರಖಾನೆ ಉಪಗ್ರಹಗಳ ಚೌಕಟ್ಟು, ರಾಕೆಟ್ಟುಗಳ ಭಾಗ ಮಾಡಿಕೊಡುತ್ತ ಬಂದಿದೆ.

ಇತ್ತ ವಾಲಚಂದನಗರದಲ್ಲಿ ಸಕ್ಕರೆ ಕಾರಖಾನೆಗೆ ಯಂತ್ರ ಮಾಡುತ್ತಿದ್ದ ಕೈಗಳೇ 1970ರ ದಶಕದಿಂದ ಇಸ್ರೋಗೆ ರಾಕೆಟ್ ಮೋಟಾರಿನ ಉಕ್ಕಿನ ಕವಚ ತಯಾರಿಸತೊಡಗಿದವು. ಕಬ್ಬು ಅರೆಯುವ ಗಾಣದ ರೋಲರಿಗೂ ರಾಕೆಟ್ಟಿನ ಕವಚಕ್ಕೂ ಏನು ಸಂಬಂಧ ಎನ್ನಬಹುದು. ದಪ್ಪ ಉಕ್ಕನ್ನು ಬಾಗಿಸಿ, ಬೆಸೆದು, ಕೂದಲೆಳೆಯ ಲೆಕ್ಕದಲ್ಲಿ ತಿರುವಿ ಒಪ್ಪ ಮಾಡುವ ಪಳಗಿಕೆಯೇ ಸಂಬಂಧ. 2023ರ ಚಂದ್ರಯಾನ-3ನ್ನು ಹೊತ್ತು ಹಾರಿದ ರಾಕೆಟ್ಟಿನ ಎಸ್-200 ಬೂಸ್ಟರಿನಲ್ಲೂ ವಾಲಚಂದನಗರದ ಕೆಲಸವಿತ್ತು. ಆ ಬೂಸ್ಟರಿನ ಅಡ್ಡಳತೆಯೇ 3.2 ಮೀಟರ್.

2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಬಾಹ್ಯಾಕಾಶವನ್ನು ಖಾಸಗಿಯವರಿಗೆ ತೆರೆಯುವುದಾಗಿ ಹೇಳಿತು. ಅದಕ್ಕಾಗಿ ಇನ್-ಸ್ಪೇಸ್ ಎಂಬ ಸಂಸ್ಥೆ ಬಂತು. 2023ರ ಏಪ್ರಿಲ್‌ನಲ್ಲಿ ಸಂಪುಟ ಬಾಹ್ಯಾಕಾಶ ನೀತಿಯನ್ನು ಒಪ್ಪಿತು. ನೀತಿಯೆಂದರೆ ಕಾಯದೆಯಲ್ಲ, 2017ರಲ್ಲಿ ಹೊರಬಂದಿದ್ದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು ಆ ನೀತಿ ಬರುವ ಹೊತ್ತಿಗೂ ಸಂಸತ್ತಿನ ಮುದ್ರೆ ಕಂಡಿರಲಿಲ್ಲ. ಹೆಡ್ಲಮ್ ಸಮಿತಿಯ ವರದಿ, ಹಾಜಿ ಮಸೂದೆ ಇವುಗಳ ಕಥೆ ಬಲ್ಲವರಿಗೆ ವರದಿ, ನೀತಿ, ಕಾಯದೆ ಈ ಮೂರರ ನಡುವಿನ ಅಂತರ ಎಷ್ಟೆಂದು ಬೇರೆ ಹೇಳಬೇಕಿಲ್ಲ. ರಾಕೆಟ್ ಬಿದ್ದು ಹಾನಿಯಾದರೆ ಹೊಣೆ ಯಾರದು, ವಿಮೆ ಎಷ್ಟು, ಪರವಾನಗಿ ಯಾವ ಶರತ್ತಿನ ಮೇಲೆ ರದ್ದಾಗುತ್ತದೆ, ಹಣ ಹೂಡುವವನು ಮೊದಲು ಕೇಳುವುದು ಇದನ್ನೇ. ವಾಲಚಂದರು 1941ರಲ್ಲಿ ಸರಕಾರವನ್ನು ಪಾಲುದಾರನಾಗಿ ಒಳಗೆ ಬಿಟ್ಟುಕೊಂಡರು. 1942ರಲ್ಲಿ ಆ ಪಾಲುದಾರನೇ ಮನೆಯೊಡೆಯನಾದ.

2022ರಲ್ಲಿ ಐದು ಪಿಎಸ್‌ಎಲ್‌ವಿ ರಾಕೆಟ್ ತಯಾರಿಸುವ ಗುತ್ತಿಗೆ ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಜೋಡಿಗೆ ಸಿಕ್ಕಿತು. 2025ರ ಜೂನ್‌ನಲ್ಲಿ ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ ಪಡೆಯುವ ಬಿಡ್ಡಿನಲ್ಲೂ ಗೆದ್ದದ್ದು ಎಚ್‌ಎಎಲ್ಲೇ. ಖಾಸಗಿಯವರಿಂದ ಕೊಂಡು ಸರಕಾರಿ ಮಾಡಿದ ಕಂಪನಿ, ಉದ್ಯಮಕ್ಕೆ ಬಾಗಿಲು ತೆರೆದಾಗ ಮೊದಲ ಸಾಲಿನಲ್ಲಿ ನಿಂತಿದೆ!

ವಾಲಚಂದರ ನೆನಪಿಗೆ ಅಂಚೆ ಇಲಾಖೆ 2004ರಲ್ಲಿ ಚೀಟಿ ತಂದಿತು. ಬೆಂಗಳೂರಿನಲ್ಲಿ ಕಾರಖಾನೆಯ ಹೆಸರಿನಲ್ಲಿ ರಸ್ತೆ, ವಿಮಾನ ನಿಲ್ದಾಣ ಎಲ್ಲ ಇವೆ, ಅದನ್ನು ಕಟ್ಟಿದವರು ಯಾವ ಊರಿನವರೆಂದು ಅಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸೊಲ್ಲಾಪುರದಲ್ಲಿ ಅವರ ಹೆಸರು ಕಾಲೇಜಿನ ಬೋರ್ಡಿನ ಮೇಲಿದೆ. ವಾಲಚಂದ ಇನ್‌ಸ್ಟಿಟ್ಯೂಟಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಅಕ್ಕಲಕೋಟ, ದುಧನಿ, ಮೈಂದರ್ಗಿ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ರಾತ್ರಿಯ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ.